ಹಣ್ಣಾಗಲೇಬೇಕಿದ್ದ ಟೊಮೆಟೊ

ಟೊಮೆಟೊ ಇನ್ನೂ ಹಣ್ಣಾಗಿರಲಿಲ್ಲ. ಅನರ್ಥಕ್ಕೆಲ್ಲ ಅದೇ ಮೂಲ.

ಹುಳುವಿಗೂ ಇಲಿಗೂ ಮೇಲಧಿಕಾರಿಯ ಕುತೂಹಲಕ್ಕೂ ಸಿಗದೆ ಗಾಜಿನ ಮನೆಯ ಕುಂಡದಲ್ಲಿ ಉಳಿದಿದ್ದ ಒಂದೇ ಕಾಯಿ ಅದು. ಅದರ ಮುಂದೆ ಸಂಶೋಧಕ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಶತಪಥ ಹಾಕುತ್ತಿದ್ದ. ಸಂಸ್ಥೆಯಲ್ಲಿ ಅವನ ಹೆಸರೇ ‘ಕಾಯಿ ಡಾಕ್ಟ್ರು’.

ಅವನ ಕೆಲಸ ಕೇಳುವುದಕ್ಕೆ ಸರಳ. ಪ್ರತಿ ಜೀನಿನ ಮುಂದೆಯೂ ಪ್ರೊಮೋಟರ್ ಎಂಬ ಸ್ವಿಚ್ಚು ಇರುತ್ತದೆ. ಹಣ್ಣಾಗುವ ಹೊತ್ತಿಗಷ್ಟೇ ಎಚ್ಚರಗೊಳ್ಳುವ ಒಂದು ಸ್ವಿಚ್ಚನ್ನು ಹಿಡಿದು ತಂದು, ನೇರಳೆ ಬಣ್ಣ ಕೊಡುವ ಜೀನಿಗೆ ಗಂಟುಹಾಕಿದ್ದ. ಎಲೆ, ಹೂವು, ಕಾಯಿ ಯಾವುದಕ್ಕೂ ನೇರಳೆ ಸೋಕಕೂಡದು. ಹಣ್ಣು ಮಾತ್ರ ನೇರಳೆಗೆ ತಿರುಗಬೇಕು. ಇವತ್ತು ಬರುವ ಪರೀಕ್ಷಕರು ಅದನ್ನು ಕಣ್ಣಾರೆ ಕಾಣದಿದ್ದರೆ ಗಾಜಿನ ಮನೆ ಮೆಣಸಿನಕಾಯಿ ವಿಭಾಗದ ಪಾಲು. ಆ ವಿಭಾಗದವರು ಆಗಲೇ ಟೇಪು ಹಿಡಿದು ನೆಲ ಅಳೆದಾಗಿತ್ತು.

“ಮಾಗಿದ ಬಾಳೆಹಣ್ಣು ಪಕ್ಕದಲ್ಲಿಡಿ. ಅದರ ಗಾಳಿ ತಗುಲಿದ್ರೆ ಎಂಥಾ ಹಟಮಾರಿ ಕಾಯೂ ಬಗ್ಗುತ್ತೆ,” ಎಂದು ಉಗ್ರಾಣದವನು ಒಂದು ಚಿಪ್ಪು ತಂದಿಟ್ಟ. ಆಮೇಲೆ, “ಸುಮ್ನೆ ಹಾಳಾಗುತ್ತಲ್ಲ” ಎಂದು ತಾನೇ ಅರ್ಧ ತಿಂದ.

ಅಷ್ಟರಲ್ಲಿ ಪರೀಕ್ಷಕರನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತರಲು ಕಾಯಿ ಡಾಕ್ಟರಿಗೇ ಅಪ್ಪಣೆಯಾಯಿತು. ಅವನು ಕುಂಡ ಬಿಟ್ಟು ಕದಲಲಿಲ್ಲ.

“ನೀವು ಹಿಂಗೆ ದುರುಗುಟ್ಕೊಂಡು ನಿಂತ್ರೆ ಪಾಪ ಅದು ಹೆಂಗೆ ಹಣ್ಣಾಗುತ್ತೆ?” ಎಂದಳು ಲೆಕ್ಕಪತ್ರ ವಿಭಾಗದ ಅಕ್ಕ. “ಹೋಗಿ ಬನ್ನಿ. ನಾನಿದೀನಲ್ಲ.”

ರೈಲು ತಡ. ಮರಳುವಾಗ ಸಂಜೆ. ಗಾಜಿನ ಮನೆಯಲ್ಲಿ ಇಡೀ ಸಂಸ್ಥೆ ಸೇರಿತ್ತು. ನಡುವೆ ಹಣ್ಣು ನಿಗಿನಿಗಿ ಕೆಂಪಗೆ ಹೊಳೆಯುತ್ತಿತ್ತು.

“ಅಂಗಡೀಲಿ ಸಿಗೋಂಥದ್ದೇ,” ಎಂದರು ಪರೀಕ್ಷಕರು.

ಅಕ್ಕ ಕಾಯಿ ಡಾಕ್ಟರ ಕಿವಿಯ ಬಳಿ ಬಗ್ಗಿ, “ಸದ್ಯ, ನಾನಿದ್ದೆ. ನೀವು ಆ ಕಡೆ ಹೋದ್ರಿ, ಹಾಳಾದ್ದು ಕೊಳೆತು ನೇರಳೆ ತಿರುಗ್ಬಿಡ್ತು. ನಿಮ್ಮ ಮಾನ ಹೋಗ್ಬಾರ್ದು ಅಂತ ನನ್ನ ಹೊಸ ಲಿಪ್‌ಸ್ಟಿಕ್ಕು ಪೂರ್ತಿ ಬಳಿದೆ,” ಎಂದಳು. ಹಣ್ಣಾಗಬೇಕೆಂದು ಎಲ್ಲರಿಗೂ ಗೊತ್ತಿತ್ತು. ಯಾವ ಬಣ್ಣಕ್ಕೆ ತಿರುಗಬೇಕೆಂದು ಯಾರೂ ವಿಚಾರಿಸಿರಲಿಲ್ಲ.

ಅವನು ಪರೀಕ್ಷಕರ ಕರ್ಚೀಫನ್ನೇ ಕಿತ್ತುಕೊಂಡು ಉಜ್ಜಿದ. ಕೆಂಪಿನಡಿಯಿಂದ ಅಪ್ಪಟ ನೇರಳೆ ಮೇಲೆದ್ದಿತು.

“ನೋಡಿ ಸಾರ್, ಸ್ವಿಚ್ಚು ಕೆಲಸ ಮಾಡಿದೆ. ಕುಯ್ದು ನೋಡಿ, ಒಳಗೂ ನೇರಳೆ ಇರುತ್ತೆ.”

“ಮೇಲೆ ಬಳಿಯೋರಿಗೆ ಒಳಗೆ ಬಣ್ಣ ಚುಚ್ಚೋದೇನು ಕಷ್ಟ?”

ಪರೀಕ್ಷಕರು ಗಾಜಿನ ಮನೆಯ ಬೀಗದ ಕೈಯನ್ನು ಮೆಣಸಿನಕಾಯಿಯವರಿಗೆ ಕೊಟ್ಟರು. ಆಮೇಲೆ ತಾವೇ ಹಣ್ಣನ್ನು ಉಜ್ಜಿದರು, ಉಗುರಿನಲ್ಲಿ ಕೆರೆದರು, ಎಂಜಲು ಹಚ್ಚಿ ಇನ್ನೊಮ್ಮೆ ಉಜ್ಜಿದರು. ಮುಖದಲ್ಲಿ ಮೊದಲ ಬಾರಿಗೆ ಮೆಚ್ಚುಗೆ ಮೂಡಿತು.

“ಕೆಂಪು ಸುಮಾರು. ಆದ್ರೆ ಈ ನೇರಳೆ ಬಣ್ಣ ಎಷ್ಟು ತಿಕ್ಕಿದ್ರೂ ಹೋಗಲ್ಲ ಕಣ್ರೀ. ಯಾವ ಕಂಪನೀದು?”

“ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ,” ಎಂದಳು ಅಕ್ಕ.