ಮುತ್ತುಗದಹಳ್ಳದ ದ್ವಿನಾಮಾಗ್ನಿ ವಿಜಯ

ಎಲೆಯುದುರಿಸಿ ನಿಂತ ತೇಗದ ಮರಗಳ ನಡುವೆ ಸೂರ್ಯನು ಯಾವ ಮರೆಯೂ ಇಲ್ಲದೆ ನೆಲಕ್ಕಿಳಿದು, ಆಳೆತ್ತರದ ಹುಲ್ಲನ್ನೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿಸಿ, ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದ ಆ ಬಂಗಾರವನ್ನು ಒಂದು ಬೀಡಿಯ ತುಂಡು ಬೂದಿಯಾಗಿಸಬಲ್ಲ ಸ್ಥಿತಿಗೆ ತಂದಿರಿಸಿದ ಫಾಲ್ಗುಣವೆಂಬ ದಾರುಣ ಯುಗದಲ್ಲಿ, ಮುತ್ತುಗದಹಳ್ಳ ಅರಣ್ಯ ವಲಯದೊಳಗೆ ಒಬ್ಬ ವೀರಾಂಗನೆ ಉದಯಿಸಿದಳು. ಎಲೈ ನಿಸ್ತಂತುವಾಗ್ದೇವಿಯೇ, ಅದೃಶ್ಯತರಂಗವಾಹಿನಿಯೇ, ಖರಖರಧ್ವನಿಭೂಷಿತೆಯೇ, ‘ಓವರ್’ ಎಂಬ ಏಕಪದದಿಂದ ಸಕಲ ವಾಗ್ವಾದಗಳಿಗೂ ವಿರಾಮ ನೀಡಬೇಕಾದವಳೇ, ನಮ್ಮ ಬ್ಯಾಟರಿಯಲ್ಲಿ ಪೂರ್ಣಚೈತನ್ಯಳಾಗಿ ನೆಲೆಸು. ಆ ವೀರಾಂಗನೆಯ ಪ್ರಥಮ ಸಂಗ್ರಾಮವನ್ನು ಹಾಡುವ ತನಕ ಸಿಗ್ನಲ್ ಕಡಿಯದಂತೆ ಕಾಪಾಡು.

ಅವಳೇ ಸಸ್ಯವಿಜ್ಞಾನಸ್ನಾತಕೋತ್ತರೆ, ವರ್ಣಸೂಚೀಸಮೂಹಪಾಲಿನಿ, ಕೋನಮಾಪಕಹಸ್ತೆಯಾದ ಉಪವಲಯಾಧಿಕಾರಿಣಿ ಮಂಗಳಗೌರಿ. ಹಿಂದೆ ಬಿದಿರು ಪೇರಿಸಿಡುತ್ತಿದ್ದ ಗೋದಾಮನ್ನು ಗುಡಿಸಿ, ಸಾರಿಸಿ, ಗೆದ್ದಲಿನ ಅನಾದಿ ಸಾಮ್ರಾಜ್ಯವನ್ನು ಸೀಮೆಎಣ್ಣೆಯಿಂದ ನಿರ್ಮೂಲಗೊಳಿಸಿ, ಅಲ್ಲಿ ಅವಳು ಕಾಳ್ಗಿಚ್ಚು ನಿಯಂತ್ರಣ ಕೇಂದ್ರವನ್ನು ಸ್ಥಾಪಿಸಿದ್ದಳು. ಅದರ ಶಾಸ್ತ್ರವು ಸರಳವೂ ನಿರ್ದುಷ್ಟವೂ ಆಗಿತ್ತು. ಕಾಡಿನ ಎರಡು ತುದಿಗಳಲ್ಲಿ ಎರಡು ಕಾವಲು ಗೋಪುರಗಳು. ಹೊಗೆ ಕಂಡ ಕಾವಲುಗಾರನು ಅದರ ದಿಕ್ಕನ್ನು ವೈರ್‌ಲೆಸ್ಸಿನಲ್ಲಿ ಹೇಳಬೇಕು. ಮಂಗಳಗೌರಿಯು ನಕ್ಷೆಯ ಮೇಲೆ ಆ ಗೋಪುರದಿಂದ ಆ ದಿಕ್ಕಿಗೆ ಒಂದು ನೂಲನ್ನು ಎಳೆಯುವಳು. ಎರಡು ಗೋಪುರಗಳ ನೂಲುಗಳು ಎಲ್ಲಿ ಕೂಡುವುವೋ ಅಲ್ಲಿ ಬೆಂಕಿ. ಮೊದಲು ಕಂಡವನಿಗೆ ಆ ಬೆಂಕಿಗೆ ಹೆಸರಿಡುವ ಹಕ್ಕು. ಆ ಹೆಸರೂ, ಅದರ ಕೆಳಗೆ ಕಂಡವನ ಹೆಸರೂ ಗೋಡೆಯ ಹಲಗೆಯ ಮೇಲೆ ವಿರಾಜಿಸತಕ್ಕದ್ದು. ಹೆಸರಿಲ್ಲದ ಬೆಂಕಿಗೆ ಗಾಡಿಯಿಲ್ಲ. ಒಂದು ಬೆಂಕಿಗೆ ನೇಮಕವಾದ ತಂಡ ಇನ್ನೊಂದನ್ನು ಮುಟ್ಟಕೂಡದು. ಮತ್ತು ಗೊಂದಲವೆಂಬುದು ಈ ಕೇಂದ್ರದ ಹೊಸ್ತಿಲನ್ನೂ ದಾಟಕೂಡದೆಂದು ಪ್ರತಿಯೊಂದು ಬೆಂಕಿಗೂ ಪ್ರತ್ಯೇಕ ನಕ್ಷೆ, ಪ್ರತ್ಯೇಕ ಬಣ್ಣದ ನೂಲು, ಪ್ರತ್ಯೇಕ ಮೊಳೆ.

ಇಂಥ ಶಾಸ್ತ್ರವನ್ನು ಪರೀಕ್ಷಿಸಲೆಂದೇ ಆ ದಿನ ಬೆಳಿಗ್ಗೆ ವಿಭಾಗಾಧಿಕಾರಿ ಶಾಂತಮಲ್ಲಪ್ಪನವರು ದಯಮಾಡಿಸಿ, ಏಕೈಕ ಕೈಕುರ್ಚಿಯನ್ನು ಅಲಂಕರಿಸಿದ್ದರು.

“ನೋಡಿ ಮಂಗಳಗೌರಿ,” ಎಂದರು ಅವರು ಟೀ ಲೋಟವನ್ನು ತಿರುಗಿಸುತ್ತ, “ನಮ್ಮ ಕಾಲದಲ್ಲಿ ಹೊಗೆ ಕಂಡ್ರೆ ಎಲ್ಲಾ ಸೇರಿ ಕೂಗೋದು, ಎಲ್ಲಾ ಸೇರಿ ಓಡೋದು. ಅಷ್ಟೇ. ಈ ನೂಲು, ಸೂಜಿ ಎಲ್ಲ ನಮ್ಮನೆಯವರು ಕಸೂತಿ ಹಾಕುವಾಗ ನೋಡಿದ್ದು. ಇವತ್ತು ಒಂದು ಬೆಂಕಿ ಸರಿಯಾಗಿ ಹಿಡೀರಿ, ಕೇಂದ್ರ ಇರ್ಲಿ. ಎಡವಟ್ಟಾಯ್ತೋ, ಇಲ್ಲಿ ಮತ್ತೆ ಬಿದಿರು. ನೀವು ನರ್ಸರಿಗೆ ಹೋಗಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿಸ್ತಾ ಇರಿ.”

ಮಹಾರಥಿಗಳು ಯುದ್ಧದ ಮುನ್ನ ಬತ್ತಳಿಕೆಯನ್ನು ಮುಟ್ಟಿ ನೋಡುವಂತೆ ಮಂಗಳಗೌರಿಯು ಗುಂಡುಸೂಜಿಗಳ ಡಬ್ಬಿಯನ್ನು ಮುಟ್ಟಿ ನೋಡಿದಳು.

ಇನ್ನು ಗೋಪುರಾಧೀಶರ ವರ್ಣನೆ. ಮೂಡಣ ದಿಕ್ಕಿನ ಜೇನುಕಲ್ಲು ಗೋಪುರದಲ್ಲಿ ಗೃಧ್ರದೃಷ್ಟಿಸಂಪನ್ನ ಮುದ್ದಶೆಟ್ಟಿ. ಪಡುವಣ ದಿಕ್ಕಿನ ಎಮ್ಮೆದಿಣ್ಣೆ ಗೋಪುರದಲ್ಲಿ ದೂರಧೂಮವಿಶಾರದ ರಂಗಶೆಟ್ಟಿ. ಇವರಿಬ್ಬರೂ ಬೀಗರು. ಮುದ್ದಶೆಟ್ಟಿಯ ಮಗಳನ್ನು ರಂಗಶೆಟ್ಟಿಯ ಮಗನಿಗೆ ಕೊಟ್ಟಿತ್ತು. ಮದುವೆಯು ಸುಸೂತ್ರವಾಗಿ ನಡೆದಿತ್ತು. ಆದರೆ ಬೀಗರೂಟದ ದಿನ ಮುದ್ದಶೆಟ್ಟಿಯ ಕಡೆಯವರು ರಂಗಶೆಟ್ಟಿಯನ್ನು ಎರಡನೆಯ ಪಂಕ್ತಿಗೆ ಕೂರಿಸಿದ್ದರು. ಅಂದಿನಿಂದ ರಂಗಶೆಟ್ಟಿಯು ಯಾವ ವಿಷಯದಲ್ಲೂ ಎರಡನೆಯವನಾಗುವುದಿಲ್ಲವೆಂದು ಘೋರಪ್ರತಿಜ್ಞೆ ಗೈದಿದ್ದನು.

ಬಿಸಿಲೇರುತ್ತಿದ್ದಂತೆ ವೈರ್‌ಲೆಸ್ ಗುಡುಗಿತು.

“ಕಂಟ್ರೋಲ್ ರೂಮು, ಕಂಟ್ರೋಲ್ ರೂಮು, ಜೇನುಕಲ್ಲು ಮುದ್ದಶೆಟ್ಟಿ ಮಾತಾಡದು. ಹೊಗೆ ಕಾಣ್ತದ ಮೇಡಂ, ಕೋಡುಗಲ್ಲು ಪಕ್ಕದಲ್ಲಿ. ಹೆಸರು ಬರ್ಕಳಿ, ಕೋಡುಗಲ್ಲು ಬೆಂಕಿ. ಮೊದ್ಲು ಕಂಡೋನು ಮುದ್ದಶೆಟ್ಟಿ. ದಪ್ಪಕ್ಷರದಲ್ಲಿ ಬರೀರಿ. ಓವರ್.”

ಆ ‘ಓವರ್’ ಗಾಳಿಯಲ್ಲಿ ಕರಗುವ ಮೊದಲೇ ಪಶ್ಚಿಮದಿಂದ ಪ್ರತಿಗರ್ಜನೆ ಮೊಳಗಿತು.

“ಎಮ್ಮೆದಿಣ್ಣೆ ರಂಗಶೆಟ್ಟಿ. ಸೋರೆಕೆರೆ ಏರಿ ಮೇಲ ಹೊಗೆ ಅದ. ಸೋರೆಕೆರೆ ಬೆಂಕಿ ಅಂತ ಬರ್ಕಳಿ ಮೇಡಂ. ನಾ ಆಗ್ಲೇ ನೋಡಿದ್ದಿ, ಬಟನ್ ಒತ್ತದು ತಡ ಆಯ್ತು.”

ಹೊಗೆ ಒಂದೇ ಆಗಿತ್ತು. ಸೋರೆಕೆರೆಯ ಏರಿಗೆ ಒತ್ತಿಕೊಂಡೇ ಕೋಡುಗಲ್ಲು ನಿಂತಿದೆ. ಮೂಡಣದಿಂದ ನೋಡಿದವನಿಗೆ ಕಲ್ಲು ಕಾಣುತ್ತದೆ, ಪಡುವಣದಿಂದ ನೋಡಿದವನಿಗೆ ಏರಿ ಕಾಣುತ್ತದೆ. ಆದರೆ ಶಾಸ್ತ್ರದಂತೆ ಹೆಸರು ಎರಡಾದ ಮೇಲೆ ಬೆಂಕಿಯೂ ಎರಡಾಗತಕ್ಕದ್ದು. ಮಂಗಳಗೌರಿಯು ಒಂದು ಮೊಳೆಗೆ ಒಂದು ನಕ್ಷೆಯನ್ನೂ ಇನ್ನೊಂದು ಮೊಳೆಗೆ ಇನ್ನೊಂದನ್ನೂ ತೂಗುಹಾಕಿ, ಅವರವರು ಹೇಳಿದ ಗುರುತಿನ ದಿಕ್ಕಿಗೆ ಮೊದಲನೆಯದರ ಮೇಲೆ ಜೇನುಕಲ್ಲಿನಿಂದ ಕೆಂಪು ನೂಲನ್ನೂ ಎರಡನೆಯದರ ಮೇಲೆ ಎಮ್ಮೆದಿಣ್ಣೆಯಿಂದ ನೀಲಿ ನೂಲನ್ನೂ ಎಳೆದಳು. ಪ್ರತಿಯೊಂದು ಬೆಂಕಿಗೂ ಈಗ ಒಂದೊಂದೇ ನೂಲು. ಎರಡನೆಯ ನೂಲು ಎದುರಾಳಿ ಗೋಪುರದಿಂದ ಬರಬೇಕು.

“ಎಮ್ಮೆದಿಣ್ಣೆ, ಕೋಡುಗಲ್ಲು ಬೆಂಕಿಯ ದಿಕ್ಕು ಕೊಡಿ,” ಎಂದಳು.

“ಕೋಡುಗಲ್ಲು ಬೆಂಕಿ ಅಂತ ಯಾವ್ದೂ ನನಗ ಕಾಣ್ತಿಲ್ಲ ಮೇಡಂ. ಸೋರೆಕೆರೆ ಬೆಂಕಿ ಕಾಣ್ತದ. ಬೇಕಾದ್ರ ಇನ್ನೊಂದ್ಸಲ ಅದ್ರುದ್ದೇ ಹೇಳ್ತಿನಿ.”

“ಜೇನುಕಲ್ಲು, ಸೋರೆಕೆರೆ ಬೆಂಕಿಯ ದಿಕ್ಕು?”

“ಬೀಗ್ರು ಹೆಸರಿಟ್ಟ ಮಗೀಗ ನಾ ಯಾಕ ತೊಟ್ಲು ತೂಗ್ಲಿ ಮೇಡಂ?” ಎಂದನು ಮುದ್ದಶೆಟ್ಟಿ. “ಆವಪ್ಪಂಗ ಕಣ್ಣಿನ ಪೊರೆ. ನಮ್ಮ ಹುಡುಗಿ ಹೇಳ್ತಿರ್ತಾಳ, ಮಾವ ಎಮ್ಮೆಗ ನಮಸ್ಕಾರ ಹೇಳ್ತಾರ ಅಂತ.”

“ಎಮ್ಮೆಗ ಮರ್ಯಾದಿ ಗೊತ್ತದ ಬೀಗ್ರೇ,” ಎಂದು ಬಂದಿತು ಪಡುವಣದ ಬಾಣ. “ಅದು ಯಾರ್ನೂ ಎರಡ್ನೇ ಪಂಕ್ತಿಗ ಕೂರ್ಸಲ್ಲ.”

ಬಿಂದಿಗೆಗಳ ಸಾಲಿನಲ್ಲಿ ತಮ್ಮದೇ ಮೊದಲಿತ್ತೆಂದು ವಾದಿಸುವ ಇಬ್ಬರು ಗೃಹಿಣಿಯರ ನಡುವೆ ನಲ್ಲಿಯ ನೀರು ಹೇಗೆ ಯಾರಿಗೂ ದಕ್ಕದೆ ಚರಂಡಿಗೆ ಹರಿಯುವುದೋ, ಹಾಗೆಯೇ ಅಮೂಲ್ಯವಾದ ದಿಗ್ಜ್ಞಾನವು ಇವರಿಬ್ಬರ ನಡುವೆ ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಶಾಂತಮಲ್ಲಪ್ಪನವರು ಕೈಗಡಿಯಾರವನ್ನು ನೋಡಿದರು. ಅದನ್ನು ಮಂಗಳಗೌರಿ ನೋಡಿದಳು. ಒಂಟಿ ನೂಲನ್ನೇ ನಂಬಿ ಅವಳು ಸೇನೆಯನ್ನು ಹೊರಡಿಸಿದಳು.

ಕೋಡುಗಲ್ಲಿನ ದಂಡಯಾತ್ರೆಗೆ ನೇಮಕವಾದುದು ಜಲಕುಂಭಧಾರಿಣಿಯೂ ಶ್ವಾಸಕಾಸಪೀಡಿತೆಯೂ ಆದ ಟ್ಯಾಂಕರ್ ಜೀಪು. ಅದರ ಸಾರಥಿ ಖಲೀಲನು ಚಕ್ರಕ್ಕೆ ಎರಡು ಒದೆ ಕೊಟ್ಟು, ಹಣೆಯ ಬೆವರನ್ನು ಬೆರಳಿನಿಂದ ಸಿಡಿಸಿ, ಸಮಸ್ತರೆದುರು ವೀರವಾಣಿಯನ್ನು ನುಡಿದನು:

“ಮೇಡಂ, ನಾನು ಕ್ಲಚ್ ಬಿಟ್ಟೆ ಅಂದ್ರೆ ಬೆಂಕಿನೇ ಸೈಡ್ ಕೊಡ್ಬೇಕು. ಬ್ರೇಕ್ ಇಲ್ಲ, ಅದು ಬೇರೆ ಮಾತು.”

ಸೋರೆಕೆರೆಯ ಕಡೆಗೆ ಹೊರಟಿತು ಪಿಕಪ್ ಗಾಡಿ. ಅದರಲ್ಲಿ ಹಸಿಸೊಪ್ಪಿನ ಕೊಂಬೆಗಳನ್ನು ಗದೆಗಳಂತೆ ಹೆಗಲಿಗೇರಿಸಿದ ಬೆಂಕಿ ಕಾವಲಿನವರು, ಅವರ ನಾಯಕಿ ಕೇತಮ್ಮ. ಅವಳು ಕೊಂಬೆಯನ್ನು ಒಮ್ಮೆ ಬೀಸಿ, “ಖಲೀಲಣ್ಣ, ನಿನ್ನ ನೀರ ನೀನೇ ಕುಡಿ. ನಾವು ಬಡ್ದು ಮುಗ್ಸಿ ಎಲೆ ಅಡಿಕ ಹಾಕ್ಕಂಡು ಕೂತಿರ್ತಿವಿ, ನಿಧಾನವಾಗಿ ಬಾ,” ಎಂದಳು.

ಧೂಳೆದ್ದಿತು. ಧೂಳು ಅಡಗಿತು. ಅಂಗಳದಲ್ಲಿ ಒಂದು ಗಾಡಿಯೂ ಉಳಿದಿರಲಿಲ್ಲ.

“ಎರಡೂ ಹೋದ್ವು,” ಎಂದರು ಶಾಂತಮಲ್ಲಪ್ಪನವರು. “ಈಗ ಮೂರನೇದು ಬಿದ್ರೆ ಏನು ಕಳಿಸ್ತೀರಿ? ನನ್ನನ್ನಾ?”

ಮಂಗಳಗೌರಿಯ ಕಣ್ಣೆದುರು ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳು ಸಾಲುಸಾಲಾಗಿ ನಿಂತವು. ಸರಿಯಾದ ಅಂತರದಲ್ಲಿಯೇ ನಿಂತವು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ ರಣರಂಗದಿಂದ ವಾರ್ತೆ ಬಂದಿತು. ಲಂಟಾನದ ಮುಳ್ಳುಪೊದೆಗಳನ್ನು ಸೀಳಿ ಮೂಡಣದಿಂದ ನುಗ್ಗಿದ ಖಲೀಲನೂ, ಏರಿಯನ್ನು ಹತ್ತಿ ಪಡುವಣದಿಂದ ನುಗ್ಗಿದ ಕೇತಮ್ಮನೂ ಏಕಕಾಲದಲ್ಲಿ ಹೊಗೆಯನ್ನು ಭೇದಿಸಿ ಪರಸ್ಪರರನ್ನು ಕಂಡಿದ್ದರು.

“ಮೇಡಂ, ಖಲೀಲ್. ನನ್ನ ಬೆಂಕಿ ಹತ್ರ ಕೇತಮ್ಮ ನಿಂತವ್ಳೆ. ಕೊಂಬೆ ಎತ್ತವ್ಳೆ. ರೂಲ್ಸ್ ಪ್ರಕಾರ ಮುಟ್ಟೋ ಹಂಗಿಲ್ಲ ಅಂತ ಹೇಳಿ.”

“ಇದು ಸೋರೆಕೆರೆ ಬೆಂಕಿ ಮೇಡಂ,” ಎಂಬುದು ಕೇತಮ್ಮನ ಧ್ವನಿ. “ಇಂವ ಪೈಪ್ ಹಿಡ್ಕಂಡು ಮದುವಣಿಗನಂಗೆ ನಿಂತವ್ನೆ. ನಮ್ಮ ಬೆಂಕಿಗ ನೀರು ಬಿಟ್ರ ನಾ ಸುಮ್ಕಿರಲ್ಲ.”

“ಅದು ಕೋಡುಗಲ್ಲು ಬೆಂಕಿನೇಯ!” ಎಂದನು ಗೋಪುರದಿಂದ ಮುದ್ದಶೆಟ್ಟಿ.

“ಸೋರೆಕೆರೆದು,” ಎಂದನು ರಂಗಶೆಟ್ಟಿ, ಶಾಂತವಾಗಿ, ಅಷ್ಟೇ ಹಟದಿಂದ.

ಹೀಗೆ ಎರಡು ಸೇನೆಗಳು ಒಂದು ಅಗ್ನಿಯ ಇಕ್ಕೆಲಗಳಲ್ಲಿ ಆಯುಧವೆತ್ತಿ, ಶಾಸ್ತ್ರಾಜ್ಞೆಯ ನಿರೀಕ್ಷೆಯಲ್ಲಿ ಚಿತ್ರದಲ್ಲಿ ಬರೆದಂತೆ ನಿಂತವು. ಪೈಪಿನಿಂದ ನೀರು ಬೀಳಲಿಲ್ಲ, ಕೊಂಬೆ ಕೆಳಗಿಳಿಯಲಿಲ್ಲ. ಆಗ ಮಂಗಳಗೌರಿಯು, ತಾನೇ ಬರೆದ ಶಾಸ್ತ್ರವು ತನ್ನನ್ನೇ ಮಣ್ಣಿನ ಚೀಲಗಳತ್ತ ನೂಕುತ್ತಿರುವುದನ್ನು ಕಂಡು, ಗೋಡೆಯ ಬಳಿಗೆ ನಡೆದಳು. ಕೆಂಪು ನೂಲನ್ನು ಅದರ ನಕ್ಷೆಯಿಂದ ಬಿಚ್ಚಿದಳು. ಅದನ್ನು ನೀಲಿ ನೂಲಿನ ನಕ್ಷೆಯ ಮೇಲೆ ಜೇನುಕಲ್ಲಿನಿಂದ ಎಳೆದಳು. ನೂಲುಗಳೆರಡೂ ಕೋಡುಗಲ್ಲಿಗೂ ಸೋರೆಕೆರೆಗೂ ನಡುವೆ, ಗುಂಡುಸೂಜಿಯ ಮೊನೆಯಷ್ಟು ಜಾಗದಲ್ಲಿ, ಒಂದನ್ನೊಂದು ಹಾದುಹೋದವು.

ಅವಳು ಮೈಕನ್ನು ಎತ್ತಿಕೊಂಡಳು. “ಎಲ್ಲ ಘಟಕಗಳೂ ಕೇಳಿ. ಬೆಂಕಿ ಒಂದೇ. ಎರಡು ನಕ್ಷೆ ಹಾಕಿದ್ದು ನನ್ನ ತಪ್ಪು. ಹೆಸರು ಆಮೇಲೆ. ಇಬ್ಬರೂ ಸೇರಿ ನಂದಿಸಿ.”

ಶಾಂತಮಲ್ಲಪ್ಪನವರು ಕುರ್ಚಿಯ ತುದಿಗೆ ಜರುಗಿದರು.

“ಮೇಡಂ,” ಎಂದನು ಖಲೀಲ, ಧ್ವನಿ ತಗ್ಗಿಸಿ. “ಅದು ಆರೋಯ್ತು.”

“ನಂದಿಸಿದಿರಾ?”

“ನಾವೇನೂ ಮಾಡ್ಲಿಲ್ಲ. ಮಾತಾಡ್ತಾ ಇದ್ವಲ್ಲ, ಅಷ್ಟ್ರಲ್ಲಿ ಅದೇ ಆರೋಯ್ತು.”

“ಎಷ್ಟು ದೊಡ್ಡದಿತ್ತು?” ಎಂದು ಶಾಂತಮಲ್ಲಪ್ಪನವರು ಮೈಕಿನ ಕಡೆಗೆ ಬಾಗಿ ಕೇಳಿದರು.

ಉತ್ತರವನ್ನು ಕೇತಮ್ಮ ಕೊಟ್ಟಳು. “ಒಂದು ಮಂಕರಿ ಬುಟ್ಟಿ ತುಂಬ ಆಗ್ತದ, ಬುದ್ದಿ. ಆನೆ ಲದ್ದಿ. ಬೋಳುಬಂಡೆ ಮೇಲ ಬಿದ್ದದ, ಸುತ್ತ ಒಂದೆಸಳು ಹುಲ್ಲಿಲ್ಲ. ಯಾರೋ ಬೀಡಿ ಎಸ್ದವ್ರೆ.”

ವಿಭಾಗಾಧಿಕಾರಿಗಳು ಎದ್ದರು. ನಕ್ಷೆಯ ಬಳಿಗೆ ಹೋಗಿ, ಕನ್ನಡಕವನ್ನು ಹಣೆಗೇರಿಸಿ, ನೂಲುಗಳು ಕೂಡಿದ ಬಿಂದುವನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಅವರ ಭುಜಗಳು ಮೊದಲು ಅಲುಗಿದವು. ನಗು ಆಮೇಲೆ ಹೊರಬಿದ್ದಿತು.

“ಇಷ್ಟು ದೊಡ್ಡ ಕಾಡಲ್ಲಿ,” ಎಂದರು ಅವರು ಕಣ್ಣೊರೆಸಿಕೊಳ್ಳುತ್ತ, “ಒಂದು ಲದ್ದಿ ಹುಡುಕಿದೀರಲ್ಲಮ್ಮ. ನಾವು ಕೂಗ್ಕೊಂಡು ಓಡ್ತಿದ್ದಾಗ ಗುಡ್ಡವೇ ಸಿಗ್ತಿರ್ಲಿಲ್ಲ. ಕೇಂದ್ರ ಇರ್ಲಿ. ಒಂದೇ ನಕ್ಷೆ ಇಟ್ಕೊಳ್ಳಿ.”

ಹೀಗೆ ಗೋದಾಮು ಕೇಂದ್ರವಾಗಿಯೇ ಉಳಿಯಿತು. ಬಿದಿರು ಹೊರಗೆಯೇ ಉಳಿಯಿತು. ವಿಜಯಲಕ್ಷ್ಮೀಸಮಾಲಿಂಗಿತೆಯಾದ ಮಂಗಳಗೌರಿಯು ಹಲಗೆಯಿಂದ ಎರಡು ಹೆಸರುಗಳನ್ನೂ ಒರೆಸಿ, ಸೀಮೆಸುಣ್ಣವನ್ನು ಹಿಡಿದು, ವೈರ್‌ಲೆಸ್ಸಿನಲ್ಲಿ ಗಂಭೀರವಾಗಿ ಪ್ರಕಟಿಸಿದಳು: “ಈ ಕೇಂದ್ರದ ಪ್ರಥಮ ಅಗ್ನಿಗೆ ‘ಆನೆಲದ್ದಿ ಬೆಂಕಿ’ ಎಂದು ನಾಮಕರಣ ಮಾಡಲಾಗಿದೆ. ಕೆಳಗೆ ಮೊದಲು ಕಂಡವರ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ಯಾರದು?”

“ಬೀಗ್ರು ಮೊದ್ಲು ಕಂಡಿದ್ದು ಮೇಡಂ,” ಎಂದನು ಮುದ್ದಶೆಟ್ಟಿ, ಅತ್ಯಂತ ವಿನಯದಿಂದ. “ಬಟನ್ ಒತ್ತದು ತಡ ಆಯ್ತು ಅಂತ ಆಗ್ಲೇ ಹೇಳಿದ್ರಲ್ಲ.”

“ಛೆ ಛೆ, ಎಲ್ಲಾದ್ರೂ ಉಂಟಾ ಬೀಗ್ರೇ,” ಎಂದನು ರಂಗಶೆಟ್ಟಿ. “ನೀವು ಹೆಣ್ಣು ಕೊಟ್ಟೋರು. ನಾನು ಎರಡ್ನೆಯೋನೇ.”