ಹನ್ನೊಂದು ಸಲ ಬಂದ ಪಾಟೀಲರು

ಶಾಲೆಯ ಬಂದೋಬಸ್ತ್ ಮಾಡುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಬಾಗಿಲಿಗೊಂದು ಬೀಗ, ಬೀಗದ ಪಕ್ಕಕ್ಕೊಬ್ಬ ಚಪರಾಸಿ, ಅವರಿಬ್ಬರ ಮೇಲೆ ನಾನು. ಇಷ್ಟಾದರೆ ಮುಗಿಯಿತಲ್ಲ!

ನಮ್ಮ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ನಡೆದು ವರ್ಷವಾಗಿತ್ತು. ಔರಾದ ಕಡೆಯ ಒಂದು ಹಳ್ಳಿಯಲ್ಲಿ ನಾನು ಹೆಡ್ ಮಾಸ್ತರ. ಬೇರೆ ಮಾಸ್ತರರೇ ಇರಲಿಲ್ಲವಾದ್ದರಿಂದ ಹೆಡ್ ಆಗುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅಷ್ಟರಲ್ಲಿ ಬೀದರಿನ ಯಾವುದೋ ಶಾಲೆಯ ಗಡಿಯಾರ ಕಳುವಾಯಿತಂತೆ. ಎಲ್ಲ ಶಾಲೆಗಳೂ ಭದ್ರತೆ ಸುಧಾರಿಸಬೇಕೆಂದು ಹುಕುಂ ಬಂತು. ನಮ್ಮ ಶಾಲೆಯಲ್ಲಿ ಗಡಿಯಾರವಿರಲಿಲ್ಲ. ಅಷ್ಟಕ್ಕೆ ಸುಮ್ಮನಿರುವ ಆಸಾಮಿ ನಾನಲ್ಲ.

ಮುರುಕು ಬಾಗಿಲಿಗೆ ಭಾಲ್ಕಿಯಿಂದ ಬೀಗ ತರಿಸಿದೆ. ಚಪರಾಸಿ ತುಕಾರಾಮಪ್ಪನನ್ನು ಹೊರಗೆ ಚಾಪೆಯ ಮೇಲೆ ಕೂರಿಸಿ, ಕೈಗೆ ಹೊಸ ರಿಜಿಸ್ಟರ್ ಕೊಟ್ಟು, “ಯಾರೇ ಬರಲಿ, ಹೆಸರು, ಬಂದ ಕಾರಣ ಬರಕೊಂಡು ಒಳಗ ಬಿಡು” ಎಂದು ಆಜ್ಞಾಪಿಸಿದೆ.

ನನ್ನ ಹೆಂಡತಿ ಶಾಂತಾಬಾಯಿ ಕೇಳಿದಳು: “ಎಲ್ಲಾರೂ ಗುರ್ತಿನವರೇ ಅದಾರ. ಹೆಸರು ಯಾಕ ಬರಕೋಬೇಕ್ರಿ?”

“ಆಡಳಿತ ನಿನಗ ತಿಳಿಯೂದಿಲ್ಲ ಬಿಡು” ಎಂದೆ. ಅವಳು ಒಳಗೆ ಹೋದಳು. ನನಗೆ ತಿಳಿಯುವುದು ಎಷ್ಟೆಂದು ಅವಳಿಗೆ ತಿಳಿದಿತ್ತು.

ಮೊದಲ ದಿನ ಸಂಜೆ ರಿಜಿಸ್ಟರ್ ತೆರೆದು ನೋಡಿದರೆ ಎದೆ ಉಬ್ಬಿಹೋಯಿತು. ಊರ ಪಾಟೀಲರು ಒಂದೇ ದಿನ ಹನ್ನೊಂದು ಸಲ ಶಾಲೆಗೆ ದಯಮಾಡಿಸಿದ್ದರು! ಒಮ್ಮೆ ರೊಟ್ಟಿ ಕೊಡಲು, ಒಮ್ಮೆ ತಪ್ಪಿಸಿಕೊಂಡ ಕುರಿ ಹುಡುಕಲು, ಒಮ್ಮೆ ಮಗಳ ಜಡೆ ಹೆಣೆಯಲು. ವಿದ್ಯೆಯ ಮೇಲೆ ದೊಡ್ಡವರಿಗೆ ಎಂಥ ಪ್ರೀತಿ ಎಂದು ಕಣ್ಣು ತುಂಬಿ ಬಂತು. ಕೂಡಲೇ ಅವರಿಗೊಂದು ಅಭಿನಂದನಾ ಪತ್ರ ಬರೆದು ಕಳಿಸಿದೆ.

ಎರಡು ದಿನ ಬಿಟ್ಟು ಪಾಟೀಲರು ಖುದ್ದಾಗಿ ಬಂದರು.

“ಮಾಸ್ತರ, ನಾ ಎಂಟು ದಿನದಿಂದ ಭಾಲ್ಕ್ಯಾಗ ಮಗಳ ಮನ್ಯಾಗಿದ್ದೆ. ಇಲ್ಲಿ ಬಂದು ಯಾರ ಜಡಿ ಹೆಣದೇನಿ?”

ತುಕಾರಾಮಪ್ಪ ತಲೆ ಕೆರೆದುಕೊಂಡ. “ಎಲ್ಲಾರೂ ಪಾಟೀಲರ ಹೆಸರೇ ಹೇಳ್ತಾರರಿ. ನಾ ಬರದೇನಿ.”

“ಹೆಣ್ಣಮಕ್ಕಳೂ?” ಎಂದೆ ನಾನು.

“ಅವರೂ ಅದೇ ಹೇಳಿದ್ರು. ಬರಕೋ ಅಂದೀರಿ, ವಿಚಾರ ಮಾಡು ಅಂದಿಲ್ಲರಿ.”

ಜಾಣನಾದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ಸುಧಾರಣೆಯನ್ನು ಮುಂದುವರಿಸಿದೆ. ಹೆಸರು ಸುಳ್ಳಾಗಬಹುದು, ಹೆಬ್ಬೆಟ್ಟು ಸುಳ್ಳಾಗುವುದಿಲ್ಲ ಎಂದು ಬಾಗಿಲಲ್ಲಿ ಮಸಿಯ ಬಟ್ಟಲು ಇಡಿಸಿದೆ.

ಮರುದಿನ ಹೊರಗಿನವರು ಯಾರೂ ಬರಲಿಲ್ಲ. ಭದ್ರತೆ ಸುಧಾರಿಸಿತು ಎಂದು ಹಿಗ್ಗಿದೆ. ಅದರ ಮರುದಿನದಿಂದ ಮಕ್ಕಳೂ ಶಾಲೆಗೆ ಬರುವುದನ್ನು ನಿಲ್ಲಿಸತೊಡಗಿದರು. ಮೊದಲು ನಿಂತವರು ಏಳು ಹೆಣ್ಣುಮಕ್ಕಳು. ಶಾಂತಾಬಾಯಿ ಆರು ತಿಂಗಳು ಮನೆಮನೆ ಅಲೆದು, ಒಬ್ಬೊಬ್ಬ ತಾಯಿಯ ಕೈ ಹಿಡಿದು ಒಪ್ಪಿಸಿ ಕರೆತಂದ ಮಕ್ಕಳು ಅವರು. ಸೋಮವಾರ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಅಂದು ಹುಡುಗಿಯರು ಇಲ್ಲದಿದ್ದರೆ ಹೆಣ್ಣುಮಕ್ಕಳ ವರ್ಗ ಮುಚ್ಚಬೇಕೆಂದು ಕಾಗದವೂ ಬಂದಿತ್ತು.

ಶಾಂತಾಬಾಯಿ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಸೆರಗು ಹೊದ್ದು, “ಬರ್ರಿ” ಎಂದು ಹೊರಟಳು. ನಾನು ಹಿಂದೆ ಹೋದೆ.

ಮೊದಲ ಮನೆ ಖೈರೂನ್‌ಬಿಯದು. ಅವಳ ಮಗಳು ರಜಿಯಾ ವರ್ಗದಲ್ಲಿ ಎಲ್ಲರಿಗಿಂತ ಚುರುಕು. ಖೈರೂನ್‌ಬಿ ಹೊಸ್ತಿಲು ಬಿಟ್ಟು ಸರಿಯಲಿಲ್ಲ.

“ಮಾಸ್ತರ್ ಸಾಬ್, ಹೋದ ವರ್ಷ ಪೊಲೀಸರು ಇಲ್ಲೇ ನಿಂತು ನಮ್ಮ ಯಜಮಾನರ ಹೆಸರು ಬರಕೊಂಡ್ರು. ಆಮ್ಯಾಲ ಅವರನ್ನ ಕರಕೊಂಡು ಹೋದ್ರು. ಇನ್ನೂ ಬಂದಿಲ್ಲ. ಈಗ ನೀವೂ ಬರಕೊಳ್ಳಾಕ ಕುಂತೀರಿ. ಹುಡಗೀನ್ನ ಹ್ಯಾಂಗ ಕಳಸ್ಲಿ?”

ಅದೇ ಊರಿನಲ್ಲಿ ಆ ವರ್ಷವನ್ನು ಕಳೆದವನು ನಾನು. ಹೆಸರು ಕೇಳಿದರೆ ಜನ ಯಾಕೆ ಪಾಟೀಲರ ಬೆನ್ನ ಹಿಂದೆ ಅಡಗುತ್ತಾರೆ ಎಂದು ಅರೆಗಳಿಗೆ ಯೋಚಿಸಿರಲಿಲ್ಲ. ಬಹಳ ನಾಚಿಕೆಯಾಯಿತು. ಶಾಂತಾಬಾಯಿ ನನ್ನನ್ನು ಮನೆಗೆ ಕಳಿಸಿ ತಾನೊಬ್ಬಳೇ ಮುಂದಿನ ಮನೆಗಳಿಗೆ ಹೋದಳು.

ಸೋಮವಾರ ಸಾಹೇಬರು ಟಾಂಗಾದಿಂದ ಇಳಿದರು. ತುಕಾರಾಮಪ್ಪ ಶಿಸ್ತಿನಿಂದ ಮಸಿಯ ಬಟ್ಟಲು ಮುಂದೆ ಹಿಡಿದ. ಬೇಡವೆಂದು ಹೇಳಲು ನಾನು ಮರೆತಿದ್ದೆ. ಸಾಹೇಬರು ಹೆಬ್ಬೆಟ್ಟು ಒತ್ತಿ, ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಒಳಗೆ ಬಂದು, ಬರಿದಾದ ಕೋಣೆಯನ್ನು ಒಂದು ಸುತ್ತು ಹಾಕಿದರು.

“ಮಾಸ್ತರರೇ, ಇಷ್ಟು ಭದ್ರವಾದ ಸಾಲಿ ನಾ ಎಲ್ಲೂ ನೋಡಿಲ್ಲ. ಹುಡುಗರೂ ಒಳಗ ಬರಾಕ ಆಗೂದಿಲ್ಲ.”

ಅಷ್ಟರಲ್ಲಿ ಹೊರಗೆ ಸದ್ದಾಯಿತು. ಶಾಂತಾಬಾಯಿ ಏಳು ಹುಡುಗಿಯರನ್ನೂ ಅವರ ತಾಯಂದಿರನ್ನೂ ಕರೆತಂದು ನಿಂತಿದ್ದಳು. ನನ್ನ ಕಡೆ ನೋಡದೆ ಸಾಹೇಬರಿಗೇ ಹೇಳಿದಳು:

“ಮಕ್ಕಳು ಬರ್ತಾರರಿ ಸಾಹೇಬ್ರ. ಅವ್ವಂದಿರು ಎರಡು ಮಾತು ಕೇಳ್ಯಾರ. ಆ ರಿಜಿಸ್ಟರ್ ಇಲ್ಲೇ ಎಲ್ಲಾರ ಮುಂದ ಸುಡಬೇಕು. ಮಾಸ್ತರು ಇನ್ನ ಮ್ಯಾಲ ಬಾಗಲದ ಉಸಾಬರಿಗೆ ಬರಬಾರದು.”

“ಮಂಜೂರ್” ಎಂದರು ಸಾಹೇಬರು. ತಮ್ಮದೇ ಹೆಬ್ಬೆಟ್ಟಿದ್ದ ಪುಟಕ್ಕೆ ತಾವೇ ಕಡ್ಡಿ ಗೀರಿದರು. ರಜಿಯಾ ಎಲ್ಲರಿಗಿಂತ ಮೊದಲು ಒಳಗೆ ಓಡಿದಳು. ಖೈರೂನ್‌ಬಿ ಬೂದಿಯನ್ನು ಕಾಲಿನಿಂದ ಚೆದುರಿಸಿ ಮನೆಗೆ ಹೋದಳು.

ಹುಡುಗರೆಲ್ಲ ಮರಳಿ ಬಂದರು, ವರ್ಷದ ಕೊನೆಗೆ ಹುಡುಗಿಯರು ಹದಿನಾಲ್ಕಾದರು. ಸಾಹೇಬರು ವರದಿಯಲ್ಲಿ ನಮ್ಮ ಶಾಲೆಯ ಭದ್ರತೆ ಬಹಳ ಸುಧಾರಿಸಿದೆ ಎಂದು ಬರೆದರು. ಕೈಗೊಂಡ ಕ್ರಮ ಎಂಬಲ್ಲಿ ಒಂದೇ ಸಾಲಿತ್ತು: ಬಾಗಿಲಿನಿಂದ ಹೆಡ್ ಮಾಸ್ತರರನ್ನು ದೂರವಿಡಲಾಗಿದೆ.