ಶಾಕಾಹಾರಿ ಗಾಳದ ಕ್ಲಬ್ಬು

ಮೀನು ಹಿಡಿಯುವುದು ಏನೂ ಕಷ್ಟದ ಕೆಲಸವಲ್ಲ. ಒಂದು ಕೋಲು, ಒಂದು ದಾರ, ಒಂದು ಗಾಳ, ಗಾಳದ ತುದಿಗೆ ಒಂದಿಷ್ಟು ತಿನಿಸು. ಉಳಿದ ಕೆಲಸವನ್ನೆಲ್ಲ ಮೀನೇ ಮಾಡಬೇಕು. ಇಪ್ಪತ್ತೆರಡು ವರ್ಷ ಹೈಸ್ಕೂಲು ಹುಡುಗರಿಗೆ ವ್ಯಾಕರಣ ಹೇಳಿಕೊಟ್ಟವನಿಗೆ ಒಂದು ಮೀನಿನ ಬಾಯಿ ತೆರೆಸುವುದು ಯಾವ ದೊಡ್ಡ ಮಾತು? ಹಾಗೆಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿಯೂ ಬಿಟ್ಟೆ!

ನಮ್ಮೂರಿಗೆ ಹೊರಗಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಸಾಹೇಬರು ಪ್ರತಿ ಭಾನುವಾರ ಟೋಪಿ ಹಾಕಿಕೊಂಡು ತುಂಗಭದ್ರೆಯ ಹಿನ್ನೀರಿನ ದಂಡೆಗೆ ಹೋಗಿ, ದಾರ ಸುತ್ತುವ ಗಿರಕಿ ಕಟ್ಟಿದ ಗಾಳ ಹಿಡಿದು ಸಂಜೆಯ ತನಕ ಕೂಡುತ್ತಿದ್ದರು. ಅವರಿಗೆ ವರ್ಗವಾದಾಗ ಮೂರು ಗಾಳದ ಕೋಲುಗಳನ್ನು ಎಣ್ಣೆ ಮಿಲ್ಲಿನ ಬಸನಗೌಡರಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟು ಹೋದರು. ಮೂರು ಕೋಲು, ಮೂರು ಜನ ಗೆಳೆಯರು. ನಮ್ಮ ಕಡೆ ಇಷ್ಟಿದ್ದರೆ ಸಂಘ ಹುಟ್ಟುವುದನ್ನು ತಡೆಯಲು ಯಾರಿಂದಲೂ ಆಗದು. ಬಸನಗೌಡರ ಹತ್ತಿರ ಜೀಪು ಇತ್ತು, ಅವರು ಅಧ್ಯಕ್ಷರಾದರು. ಮೆಡಿಕಲ್ ಶಾಪಿನ ಕೊಟ್ರಪ್ಪನ ಹತ್ತಿರ ಬಿಡುವು ಇತ್ತು, ಅವನು ಉಪಾಧ್ಯಕ್ಷನಾದ. ನನ್ನ ಹತ್ತಿರ ಮುದ್ದಾದ ಅಕ್ಷರ ಬಿಟ್ಟರೆ ಬೇರೇನೂ ಇರಲಿಲ್ಲ. ಕಾರ್ಯದರ್ಶಿಯಾದೆ.

ಒಂದೇ ಒಂದು ಸಣ್ಣ ತೊಡಕು. ಮೂವರೂ ಅಪ್ಪಟ ಶಾಕಾಹಾರಿಗಳು! ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನು ಕೂಡ ಮನೆಯ ಗೋಡೆಗೆ ಹಾಕದ ಜನ. ಆದ್ದರಿಂದ ಮೊದಲ ಸಭೆಯಲ್ಲೇ ಮೂರು ಠರಾವು ಪಾಸು ಮಾಡಿದೆವು. ಹಿಡಿದ ಮೀನನ್ನು ಸಕಲ ಮರ್ಯಾದೆಗಳೊಂದಿಗೆ ನೀರಿಗೆ ಮರಳಿಸತಕ್ಕದ್ದು. ಎರೆಹುಳ ಚುಚ್ಚುವುದು ಹಿಂಸೆಯಾದ್ದರಿಂದ ಗಾಳಕ್ಕೆ ಬೆಲ್ಲ ಬೆರೆಸಿದ ಗೋದಿ ಕಣಕವನ್ನೇ ಸಿಕ್ಕಿಸತಕ್ಕದ್ದು. ಮೀನನ್ನು ಯಾರೂ ಕೈಯಿಂದ ಮುಟ್ಟತಕ್ಕದ್ದಲ್ಲ. ಹುಳಕ್ಕೆ ಚುಚ್ಚಿದರೆ ಹಿಂಸೆ, ಮೀನಿನ ತುಟಿಗೆ ಚುಚ್ಚಿದರೆ ಏನು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ. ಮುಟ್ಟದೆ ಗಾಳ ಬಿಡಿಸುವುದು ಹೇಗೆ ಎಂದು ಕೊಟ್ರಪ್ಪ ಕೇಳಿದ. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಒಂದೂ ಮೀನು ಬೀಳದ ಕಾರಣ ಅದು ಪ್ರತಿ ಸಭೆಯಲ್ಲೂ ಮುಂದಕ್ಕೆ ಹೋಗುತ್ತಲೇ ಇತ್ತು.

ಒಂದು ದಪ್ಪ ರಿಜಿಸ್ಟರು ತಂದು ಗೀಟು ಹೊಡೆದು ಅಂಕಣ ಮಾಡಿದೆ: ಹಿಡಿದದ್ದು ಏನು, ಹಿಡಿದವರು ಯಾರು, ವಿಲೇವಾರಿ, ಷರಾ. ಅಂಥ ಸೊಗಸಾದ ಖಾಲಿ ರಿಜಿಸ್ಟರು ಇಡೀ ತಾಲೂಕಿನಲ್ಲಿ ಇರಲಿಲ್ಲ.

ನನ್ನ ಹೆಂಡತಿ ಗಿರಿಜಮ್ಮ ಕಣಕ ನಾದಿಕೊಡುತ್ತ ಕೇಳಿದಳು, "ಹಿಡಿಯೋದು, ಬಿಡೋದು. ಇದಕ್ಕ ಊರ ಬಿಟ್ಟು ಹತ್ತು ಮೈಲಿ ಯಾಕ ಹೋಗ್ಬೇಕ್ರಿ? ಮನ್ಯಾಗ ಕುಂತು ಹಿಡೀಲಿಲ್ಲಂದ್ರೂ ಅಷ್ಟಽ ಆತಲ್ಲ."

"ನಿನಗ ತಿಳಿಯಂಗಿಲ್ಲ. ಇದು ಏಕಾಗ್ರತೆ. ಒಂದು ನಮೂನಿ ಧ್ಯಾನ."

"ಧ್ಯಾನ ಮಾಡೋರು ಮೊದ್ಲು ಆ ಶಿವದಾರ ಬದ್ಲಿ ಮಾಡ್ಕೊಳ್ರಿ. ಎಳಿ ಎಳಿ ಬಿಟ್ಟೈತಿ. ತಿಂಗಳಿಂದ ಬಡ್ಕೊಳ್ಳಾಕ ಹತ್ತೀನಿ."

"ಸ್ಪರ್ಧಾ ಮುಗೀಲಿ," ಎಂದೆ.

ಸ್ಪರ್ಧೆಯೆಂದರೆ ನಮ್ಮ ಮೂವರ ನಡುವಿನ ಸ್ಪರ್ಧೆಯೇ. ದಸರೆ ಮುಗಿದು, ಮಳೆ ಹಿಂದಾಗಿ, ಹಿನ್ನೀರು ಜಾಲಿಗಿಡಗಳ ನೆತ್ತಿಯ ತನಕ ತುಂಬಿ ನಿಂತಿತ್ತು. ಗಾಳ ಹಾಕುವುದಕ್ಕೆ ಇದೇ ಹಂಗಾಮು ಎಂದು ಸಾಹೇಬರು ಹೇಳಿಹೋಗಿದ್ದರು. ಸೀಗೆ ಹುಣ್ಣಿಮೆಯ ಮರು ಭಾನುವಾರ ಗೊತ್ತುಮಾಡಿದೆವು. ಈ ಸಲವೂ ಬರಿಗೈಯಲ್ಲಿ ಬಂದರೆ ಚಹಾದಂಗಡಿಯ ಕಡೆ ಮುಖ ಹಾಕುವಂತಿರಲಿಲ್ಲ. ಅಲ್ಲಿ ಹೋದಾಗಲೆಲ್ಲ "ಎಷ್ಟು ಬಿದ್ವು ಮಾಸ್ತರ್ರ?" ಎಂದು ಕೇಳದೆ ಯಾರೂ ಚಹಾ ಕುಡಿಯುತ್ತಿರಲಿಲ್ಲ.

ಇಷ್ಟು ದಿನ ಮೀನು ಬೀಳದಿದ್ದುದಕ್ಕೆ ಕಾರಣವನ್ನು ಅಧ್ಯಕ್ಷರು ಕಂಡುಹಿಡಿದರು. ಮಾರೆಪ್ಪ! ಅವನು ಹಿನ್ನೀರಿನಲ್ಲಿ ಹರಿಗೋಲು ಹಾಕಿಕೊಂಡು ಬಲೆ ಬೀಸಿ ಬದುಕುವವನು. ಅವನಪ್ಪನೂ ಅದನ್ನೇ ಮಾಡಿದವನು. ಅವನ ಬಲೆಯ ಗದ್ದಲಕ್ಕೆ ನಮ್ಮ ಮೀನುಗಳು ಹೆದರಿ ದೂರ ಹೋಗುತ್ತಿವೆ ಎಂದು ತೀರ್ಮಾನವಾಯಿತು. ಅವು ಯಾವಾಗ ನಮ್ಮವಾದವು ಎಂದು ನಾನೂ ಕೇಳಲಿಲ್ಲ. ಪೆನ್ನು ತೆಗೆದು ನೋಟೀಸು ಬರೆದೆ. ಹೋಗಿ ದಂಡೆಯ ಮೇಲೆ ನಿಂತು ಮಾರೆಪ್ಪನಿಗೆ ಓದಿಯೂ ಹೇಳಿದೆ: "ಸ್ಪರ್ಧಾ ದಿನದಂದು ಸದರಿ ಸ್ಥಳದ ಆಸುಪಾಸಿನಲ್ಲಿ ಬಲೆ, ಹರಿಗೋಲು ಹಾಗೂ ತತ್ಸಂಬಂಧಿ ಯಾವುದೇ ಚಟುವಟಿಕೆಗಳನ್ನು ಕೈಗೊಳ್ಳಕೂಡದೆಂದು ಈ ಮೂಲಕ ತಿಳಿಯಪಡಿಸಲಾಗಿದೆ."

ಮಾರೆಪ್ಪ ಬೀಡಿ ತೆಗೆದು ಕೇಳಿದ, "ಭಾಳ ಚಲೋ ಬರದೀರಿ ಮಾಸ್ತರ್ರ. ಮೀನಿಗೂ ಓದಿ ಹೇಳಬೇಕೇನ್ರಿ?"

ನೋಟೀಸನ್ನು ನಾಲ್ಕು ಮಡಿಕೆ ಮಾಡಿ ರುಮಾಲಿನೊಳಗೆ ಇಟ್ಟುಕೊಂಡ. ಅದನ್ನು ಅವನು ಕಳೆಯುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹಿನ್ನೀರಿನ ದಂಡೆ ಮುಟ್ಟಿದೆವು. ಜೀಪಿನಲ್ಲಿ ಗಾಳಗಳಿಗಿಂತ ಬುತ್ತಿಯೇ ಹೆಚ್ಚಿತ್ತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಒಗ್ಗರಣೆ ಕೊಟ್ಟ ಮೊಸರನ್ನ. ಮೊದಲು ಗಾಳ, ಆಮೇಲೆ ಊಟ ಎಂದು ಶಿಸ್ತಿನ ಮಾತು ಆಡಿದವನು ನಾನೇ! ಬೆಳಿಗ್ಗೆ ಮನೆಯಲ್ಲಿ ಬರೀ ಚಹಾ ಕುಡಿದು ಬಂದಿದ್ದೆ.

ಬಿಸಿಲು ಏರಿತು. ಅಂಗಿ ಕಳಚಿ ಬನಿಯನ್ನಿನಲ್ಲಿ ನಿಂತೆ. ಕೊರಳಿನ ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು. ಕೈ ಬೀಸಿದಾಗ ಎದೆಗೆ ಬಡಿಯುತ್ತದೆಂದು ಅದನ್ನು ಜಾಣತನದಿಂದ ಬೆನ್ನಿನ ಕಡೆಗೆ ತಿರುಗಿಸಿಕೊಂಡೆ. ನನ್ನ ಜೀವನದಲ್ಲಿ ನಾನು ತೋರಿಸಿದ ಜಾಣತನಗಳೆಲ್ಲ ಇದೇ ದರ್ಜೆಯವು.

ಕೋಲನ್ನು ಸಾಹೇಬರು ತೋರಿಸಿಕೊಟ್ಟಂತೆ ಹೆಗಲಿನ ಹಿಂದಕ್ಕೆ ಒಯ್ದೆ. ಉಸಿರು ಬಿಗಿಹಿಡಿದು ಮುಂದಕ್ಕೆ ಬೀಸಿದೆ. ಕತ್ತಿನ ಹಿಂದೆ ಯಾರೋ ಚಿವುಟಿದಂತಾಯಿತು. ಪಟ್ ಎಂದಿತು. ಗಾಳ ಬಿಸಿಲಿನಲ್ಲಿ ಫಳಫಳ ಹೊಳೆಯುತ್ತ ಹಾರಿ, ಹಿಂದೆಂದೂ ಹೋಗದಷ್ಟು ದೂರ ಹೋಗಿ ಬುಳುಕ್ಕನೆ ಮುಳುಗಿತು.

"ಭಲೇ ಮಾಸ್ತರ್ರ!" ಎಂದು ಬಸನಗೌಡರು ಚಪ್ಪಾಳೆ ತಟ್ಟಿದರು. "ಎಂಥಾ ಒಗತ ಒಗದ್ರಿ! ಸಾಹೇಬ್ರೂ ಇಷ್ಟು ದೂರ ಒಗದಿದ್ದಿಲ್ಲ!"

"ಗಾಳ ಹ್ಯಾಂಗ ಹೊಳೀತು ನೋಡ್ರಿ, ಬೆಳ್ಳಿ ಹೊಳದಂಗ!" ಎಂದ ಕೊಟ್ರಪ್ಪ.

ನಾನೂ ನಗುತ್ತ ಬೆನ್ನು ಮುಟ್ಟಿಕೊಂಡೆ. ಎದೆ ಮುಟ್ಟಿಕೊಂಡೆ. ಮತ್ತೆ ಬೆನ್ನು ಮುಟ್ಟಿಕೊಂಡೆ.

ನಗು ನಿಂತಿತು.

ಹುಟ್ಟಿದಾಗ ಕೊರಳಿಗೆ ಕಟ್ಟಿದ ಲಿಂಗ, ಮಣ್ಣಿಗೆ ಹೋಗುವಾಗಲೂ ಜೊತೆಗೆ ಬರಬೇಕಾದದ್ದು. ಅದು ಮೈಮೇಲೆ ಇಲ್ಲದೆ ಒಂದು ಹನಿ ನೀರನ್ನೂ ಕುಡಿಯುವಂತಿಲ್ಲ. ಮಠದಲ್ಲಿ ತಿಂಗಳಿಗೊಮ್ಮೆ ಈ ವಿಷಯದ ಮೇಲೆ ಒಂದೂವರೆ ತಾಸು ಉಪನ್ಯಾಸ ಮಾಡುವವನು ನಾನು. ಅಂಥ ನಾನು ನನ್ನ ದೇವರನ್ನು ಗಾಳಕ್ಕೆ ಸಿಕ್ಕಿಸಿ ಮೀನಿಗೆ ಎಸೆದಿದ್ದೆ!

"ದಾರ ಸುತ್ರಿ, ದಾರ ಸುತ್ರಿ!" ಎಂದು ಇಬ್ಬರೂ ಕೂಗಿದರು. ಗಿರಕಿ ತಿರುಗಿಸಿದೆ. ಎರಡು ಸುತ್ತು ಬಂದು ದಾರ ಬಿಗಿಯಾಗಿ ನಿಂತಿತು. ಮುಳುಗಿದ ಯಾವುದೋ ಜಾಲಿಗಿಡ ಅದನ್ನು ಹಿಡಿದುಕೊಂಡಿತ್ತು. ಎಳೆದರೆ ದಾರ ಹರಿಯುತ್ತದೆ. ಸಡಿಲ ಬಿಟ್ಟರೆ ಕರಡಿಗೆ ಗಾಳದಿಂದ ಜಾರಿ ತಳ ಸೇರುತ್ತದೆ. ಎಳೆಯದೆ, ಬಿಡದೆ, ಕೋಲು ಹಿಡಿದು ನಿಂತಲ್ಲೇ ನಿಂತೆ. ಏಕಾಗ್ರತೆ ಎಂದರೇನೆಂದು ಅವತ್ತು ನನಗೆ ಅರ್ಥವಾಯಿತು.

ಮೂವರಿಗೂ ಈಜು ಬರುತ್ತಿರಲಿಲ್ಲ. ಗಾಳದ ಕ್ಲಬ್ಬಿನ ಪದಾಧಿಕಾರಿಗಳಿಗೆ ಅದು ಬೇಕಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. "ಮಾರೆಪ್ಪನ್ನ ಕರೀಬೇಕು," ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಕೊಟ್ರಪ್ಪ ಜೀಪು ತೆಗೆದುಕೊಂಡು ಹೋಗಿ, ಒಂದು ತಾಸು ಬಿಟ್ಟು ಒಬ್ಬನೇ ಬಂದ.

"ಎಲ್ಲ್ಯದಾನ ಅವ?"

"ಮನ್ಯಾಗ ಮಲಗ್ಯಾನ. ಇವತ್ತು ನೀರಿಗಿ ಇಳಿಬಾರ್ದಂತ ನೋಟೀಸು ಐತಂತ. ಮಾಸ್ತರ್ರ ಅಕ್ಷರದಾಗ ಐತಿ, ಮೀರಾಕ ಬರಂಗಿಲ್ಲ ಅಂದ. ಉಂಡು ಬರ್ತೀನಿ ಅಂದಾನ, ಬರೇ ಮಾತಾಡಾಕ."

ಗಂಟೆ ಹನ್ನೆರಡಾಯಿತು. ಬಸನಗೌಡರು ಎರಡು ಸಲ ಕೆಮ್ಮಿದರು. "ಮಾಸ್ತರ್ರ, ನಿಮ್ಮ ಸಂಕಟ ನಮ್ಮ ಸಂಕಟನಽ ಐತಿ. ಆದ್ರ ನನಗ ಸಕ್ರಿ ಕಾಯಿಲಿ. ಹೊತ್ತಿಗಿ ಸರಿಯಾಗಿ ಹೊಟ್ಟಿಗಿ ಬೀಳ್ಬೇಕು."

"ಉಣ್ರಿ ಗೌಡ್ರ."

"ನಿಮ್ಮ ಮುಂದ ಹ್ಯಾಂಗ ಉಣ್ಣಾದು?" ಎಂದು ಕೊಟ್ರಪ್ಪ ನಿಜವಾಗಿ ನೊಂದುಕೊಂಡು, ನನಗೆ ಬೆನ್ನು ಮಾಡಿ ಕೂತು, ನನ್ನ ಮನೆಯ ಎಣ್ಣೆಗಾಯಿಗೆ ಕೈ ಹಾಕಿದ. ಸಜ್ಜೆ ರೊಟ್ಟಿ ಮುರಿಯುವ ಸದ್ದು ಎಷ್ಟು ದೊಡ್ಡದೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆಯ ಗೌಡರು ಮೂರು ಶೇಂಗಾ ಹೋಳಿಗೆ ತಿಂದರು.

ಎರಡು ಗಂಟೆಗೆ ಮಾರೆಪ್ಪ ಬಂದ. ಉಂಡು, ಎಲೆಯಡಿಕೆ ಹಾಕಿಕೊಂಡು, ಹೊತ್ತು ತಂದ ಹರಿಗೋಲನ್ನು ದಂಡೆಯಲ್ಲಿ ಓರೆಯಾಗಿ ನಿಲ್ಲಿಸಿ ಅದರ ನೆರಳಲ್ಲಿ ಕೂತ. ರುಮಾಲಿನಿಂದ ನೋಟೀಸು ತೆಗೆದ.

"ಇದಕ್ಕೇನು ಮಾಡಾನ್ರಿ?"

"ಹರಿದು ಒಗಿಯೋ ಮಾರಾಯ!" ಎಂದೆ.

"ಅಯ್ಯ, ಬರದ ಕಾಗದ ಹರೀಬಾರ್ದ್ರಿ. ಇನ್ನೊಂದು ಬರ್ಕೊಡ್ರಿ. ಇನ್ನ ಮ್ಯಾಲ ನಿಮ್ಮ ಕ್ಲಬ್ಬಿನೋರು ಮಾರೆಪ್ಪನ ನೀರಿಗಿ ಅಡ್ಡ ಬರಾಂಗಿಲ್ಲ ಅಂತ. ಅದಽ ನಮೂನಿ ಕನ್ನಡದಾಗ ಬರೀರಿ. ಸದರಿ, ಗಿದರಿ, ಎಲ್ಲಾ ಇರ್ಬೇಕು."

ಕೋಲನ್ನು ಕೊಟ್ರಪ್ಪನ ಕೈಗೆ ಕೊಟ್ಟು, "ಅಲುಗಿದ್ರ ನೋಡು!" ಎಂದು ಎಚ್ಚರಿಸಿ, ಮೊಣಕಾಲ ಮೇಲೆ ರಿಜಿಸ್ಟರು ಇಟ್ಟುಕೊಂಡು ಹಿಂದಿನ ಹಾಳೆಯಲ್ಲಿ ಬರೆದೆ. ಹಸಿವಿನಲ್ಲಿ ನನ್ನ ಕೈಯಕ್ಷರ ಮೊದಲ ಸಲ ಸೊಟ್ಟಗಾಯಿತು. ಅಧ್ಯಕ್ಷರು ಹೋಳಿಗೆಯ ಜಿಡ್ಡಿನ ಕೈಯಲ್ಲೇ ಸಹಿ ಹಾಕಿದರು. ಮಾರೆಪ್ಪ ಗಟ್ಟಿಯಾಗಿ ಓದಿಸಿ ಕೇಳಿ, ಹಾಳೆಯನ್ನು ರುಮಾಲಿಗೆ ಸೇರಿಸಿ ಎದ್ದು, ಹರಿಗೋಲನ್ನು ನೀರಿಗೆ ಇಳಿಸಿ ಹತ್ತಿದ.

ಆಗ ಕೊಟ್ರಪ್ಪ ಕೋಲನ್ನು ನನ್ನ ಕೈಗೆ ಮರಳಿಸಿ, ಕಿವಿಯ ಹತ್ತಿರ ಬಂದು, "ಮಾಸ್ತರ್ರ, ದಿನಾ ಮೀನು ಹಿಡಿಯೋ ಕೈ. ಅವ ಕರಡಿಗಿ ಮುಟ್ಟಿದ್ರ ನಡೀತೈತೇನ್ರಿ?" ಎಂದ. ಪಿಸುಮಾತೆಂದು ಅವನು ತಿಳಿದಿದ್ದ. ನೀರಿನ ಮೇಲೆ ಪಿಸುಮಾತು ಬಹಳ ದೂರ ಹೋಗುತ್ತದೆ.

ಮಾರೆಪ್ಪ ಹರಿಗೋಲಿನಿಂದ ಹುಟ್ಟನ್ನು ಈ ಕಡೆ ಚಾಚಿದ. "ಹಂಗಾರ ನೀವಽ ಬರ್ರಿ ಸಾವ್ಕಾರ್ರ. ನಿಮ್ಮ ಕೈ ಹಸನ ಐತಿ."

ಕೊಟ್ರಪ್ಪ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಉಪನ್ಯಾಸಕ್ಕೆ ಬಳಸುವ ಒಂದು ಮಾತೂ ನೆನಪಿಗೆ ಬರಲಿಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟೇ: "ಯಪ್ಪಾ ಮಾರೆಪ್ಪ, ಲಗೂನ ಹೋಗು!"

ಮಾರೆಪ್ಪ ದಾರವನ್ನು ಬೆರಳಲ್ಲಿ ಹಿಡಿದು ಅದರ ಗುಂಟ ಹರಿಗೋಲು ನಡೆಸಿದ. ರುಮಾಲನ್ನು ಬಿಚ್ಚಿ ಹರಿಗೋಲಿನೊಳಗಿಟ್ಟು, ಬೀಡಿಯನ್ನು ಅಂಚಿನ ಮೇಲಿಟ್ಟು ಮುಳುಗಿದ. ಎದ್ದ. ಮತ್ತೆ ಮುಳುಗಿದ. ಮೂರನೆಯ ಸಲ ನೀರು ಸುಮ್ಮನಾಗಿ ನಿಂತೇ ಬಿಟ್ಟಿತು. ಕರಡಿಗೆಯ ಚಿಂತೆ ಹೋಗಿ ಅವನ ಚಿಂತೆ ಹತ್ತಿತು. ಗೌಡರು ನಾಲ್ಕನೆಯ ಹೋಳಿಗೆ ಕೆಳಗಿಟ್ಟರು. ಅಷ್ಟರಲ್ಲಿ ಮಾರೆಪ್ಪ ತಲೆ ಎತ್ತಿದ. ಅವನ ಎತ್ತಿದ ಕೈಯಲ್ಲಿ ಬೆಳ್ಳಿ ಹೊಳೆಯಿತು. ಕೋಲು ಬಿಸಾಡಿ ಎರಡೂ ಕೈ ಚಾಚಿದೆ.

ಕರಡಿಗೆ ಬಿಚ್ಚಿ ನೋಡಿದೆ. ಲಿಂಗ ಹೋದಂತೆಯೇ ಬಂದಿತ್ತು. ಗಾಳದಲ್ಲಿದ್ದ ಕಣಕ ಮಾತ್ರ ಇರಲಿಲ್ಲ. ಅವತ್ತು ಗೌಡರು ಉಂಡಿದ್ದರು, ಕೊಟ್ರಪ್ಪ ಉಂಡಿದ್ದ, ಮಾರೆಪ್ಪ ಉಂಡಿದ್ದ, ಮೀನುಗಳೂ ಉಂಡಿದ್ದವು. ಉಪವಾಸವಿದ್ದವನು ನಾನೊಬ್ಬನೇ!

ಕಟ್ಟಿಕೊಳ್ಳಲು ದಾರವಿರಲಿಲ್ಲ. ಮಾರೆಪ್ಪ ತನ್ನ ಬಲೆಯ ಅಂಚಿನಿಂದ ಎರಡು ಮೊಳ ನೀಲಿ ನೈಲಾನ್ ಹುರಿಯನ್ನು ಕತ್ತರಿಸಿ, ಮೂರು ಗಂಟು ಹಾಕಿ, ನನ್ನ ಕೊರಳಿಗೆ ತಾನೇ ಕಟ್ಟಿದ. ಕೊಟ್ರಪ್ಪ ಬಾಯಿ ತೆರೆದ. ಗೌಡರು ಅವನ ಕಾಲು ತುಳಿದರು. ಬುತ್ತಿಯಲ್ಲಿ ಒಂದು ಹಿಡಿ ಮೊಸರನ್ನ ಉಳಿದಿತ್ತು. ಅಮೃತ ಅಮೃತ ಎಂದು ಕೇಳಿದ್ದೆ, ಅವತ್ತು ತಿಂದೆ.

ಮನೆಗೆ ಬಂದಾಗ ಗಿರಿಜಮ್ಮ ಹಿತ್ತಲಲ್ಲಿ ಬಿಸಿನೀರು ಕಾಯಿಸಿಟ್ಟಿದ್ದಳು. ನಮಗಿಂತ ಮುಂಚೆ ಸುದ್ದಿ ಬಂದಿತ್ತು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಬೈಯಲಿಲ್ಲ. ತಗ್ಗಿದ ಕತ್ತಿನಲ್ಲಿದ್ದ ನೀಲಿ ಹುರಿಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿದಳು. ನಾನೇ ಮುಂದಕ್ಕೆ ಬಂದೆ, ಹುರಿ ಮಿಸುಕಲಿಲ್ಲ.

"ನಾಳೆ ಮಠಕ್ಕ ಹೋಗಿ ಅಯ್ಯನೋರ ಕಡಿಂದ ಹೊಸದು ಕಟ್ಟಿಸ್ಕೊಂಡು ಬರ್ತೀನಿ," ಎಂದೆ.

"ಅಯ್ಯನೋರಿಗಿ ತೋರಿಸಿ ಬರ್ರಿ. ದಾರ ಮಾತ್ರ ಇದಽ ಇರ್ಲಿ. ನಿಮ್ಮಂಥಾರನ್ನ ಹಿಡದಿಡಾಕ ಬಲಿ ದಾರನಽ ಬೇಕು."

ಮರುವಾರದ ಸಭೆಯಲ್ಲಿ ಅಧ್ಯಕ್ಷರು, "ಹಂಗಾಮು ಮುಗೀತು. ರಿಜಿಸ್ಟರು ಖಾಲಿ ಬಿಡಬ್ಯಾಡ್ರಿ, ಏನರ ಬರೀರಿ," ಎಂದರು. ಸುಳ್ಳು ಬರೆದು ಅಭ್ಯಾಸವಿರಲಿಲ್ಲ. ಮುದ್ದಾದ ಅಕ್ಷರದಲ್ಲಿ ಅಂಕಣಗಳನ್ನು ಒಂದೊಂದಾಗಿ ತುಂಬಿದೆ.

ಹಿಡಿದದ್ದು ಏನು: ಒಬ್ಬ ಮಾಸ್ತರ.

ಹಿಡಿದವರು ಯಾರು: ಮಾರೆಪ್ಪ.

ವಿಲೇವಾರಿ: ಠರಾವಿನಂತೆ ನೀರಿಗೆ ಬಿಡದೆ, ಮನೆಗೆ ಕಳಿಸಲಾಯಿತು.

ಷರಾ: ದಾರ ಗಟ್ಟಿ ಇದೆ.